ಕಣ್ಣು ತಪ್ಪಿಸಿದರೆ ಅಂಕ, ಕಣ್ಣು ಕೊಟ್ಟರೆ ಆಧಾರ್

ಆಟಿಸಂ, ಅಂದರೆ ಬೇರೆಯವರ ಜೊತೆ ಬೆರೆಯಲು, ಮಾತಾಡಲು ಕಷ್ಟವಾಗುವ ಸ್ಥಿತಿ, ಎಷ್ಟಿದೆ ಅಂತ ಅಳೆಯಲು ನಮ್ಮ ದೇಶದಲ್ಲಿ ಒಂದು ಪಟ್ಟಿ ಇದೆ. ಹೆಸರು ಐಎಸ್‌ಎಎ. ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ ಅನ್ನುವುದರ ಚುಟುಕು. ಅದರಲ್ಲಿ 40 ಅಂಶ, ಒಂದೊಂದಕ್ಕೂ 1ರಿಂದ 5 ಅಂಕ, ಒಟ್ಟು 200. ಮೊದಲನೇ ಅಂಶವೇ, ಮಗು ಎದುರಿನವರ ಕಣ್ಣು ನೋಡುತ್ತದೋ ಇಲ್ಲವೋ ಅನ್ನೋದು. ನೋಡದಿದ್ದರೆ ಜಾಸ್ತಿ ಅಂಕ.

ಹೀಗೆ ಒಳ್ಳೆ ಅಂಕ ತೆಗೆಯುವ ಮಗುವನ್ನು ಕರೆದುಕೊಂಡು ಅಪ್ಪ ಅಮ್ಮ ಆಧಾರ್ ಕೇಂದ್ರಕ್ಕೆ ಹೋಗುತ್ತಾರೆ. ಐದು ವರ್ಷ ತುಂಬಿದೆ, ಬೆರಳು ಮತ್ತು ಕಣ್ಣಿನ ಗುರುತು ಕೊಡಬೇಕು.

"ಪುಟ್ಟಾ, ಕ್ಯಾಮೆರಾ ನೋಡಪ್ಪಾ."

ಪುಟ್ಟ ಫ್ಯಾನ್ ನೋಡುತ್ತಾನೆ.

"ಕಣ್ಣು ಅಗಲ ಮಾಡು ಪುಟ್ಟಾ. ಬೆರಳು ಇಡು. ಅಳಬಾರದು."

ಪುಟ್ಟ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರುತ್ತಾನೆ.

"ಮನೇಲಿ ಸ್ವಲ್ಪ ಪ್ರಾಕ್ಟೀಸ್ ಮಾಡಿಸಿ ಕರ್ಕೊಂಡು ಬನ್ನಿ ಮೇಡಂ. ನೆಕ್ಸ್ಟ್!"

ಅಂಗವಿಕಲರ ಗುರುತಿನ ಚೀಟಿ ಯುಡಿಐಡಿಗೆ ಅರ್ಜಿ ಹಾಕುವಾಗ ಮೊದಲು ಕೇಳುವುದೇ ಆಧಾರ್. ಅಂದರೆ, ತನಗೆ ಆಟಿಸಂ ಇದೆ ಅಂತ ಸರ್ಕಾರದಿಂದ ಬರೆಸಿಕೊಳ್ಳಬೇಕಾದರೆ ಮಗು ಮೊದಲು ಆಟಿಸಂ ಇಲ್ಲದವನ ಹಾಗೆ ಕೂತು ಫೋಟೊ ತೆಗೆಸಿಕೊಳ್ಳಬೇಕು.

ಸರಿ, ಆಧಾರ್ ಆಯಿತು ಅನ್ನಿ. ಈಗ ಪರೀಕ್ಷೆ. ಬೇರೆ ಮನೆಗಳಲ್ಲಿ ಎಸ್ಸೆಸ್ಸೆಲ್ಸಿಯ ಹೊತ್ತಿಗೆ ಇರುವಂಥ ಆತಂಕವೇ ಇಲ್ಲೂ ಇರುತ್ತದೆ, ಆದರೆ ಹರಕೆ ಮಾತ್ರ ಉಲ್ಟಾ. 200ಕ್ಕೆ 69 ಬಂದರೆ ಆಟಿಸಂ ಇಲ್ಲವೇ ಇಲ್ಲ. 70 ಬಂದರೆ ಶೇ. 40 ವೈಕಲ್ಯ. ಒಂದೇ ಅಂಕ, ಸೊನ್ನೆಯಿಂದ ನಲವತ್ತಕ್ಕೆ ಜಿಗಿತ! ಮತ್ತು ಆ ನಲವತ್ತೇ ನಮ್ಮ ಪಾಸ್ ಮಾರ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥ ತೂಕದ ಸೌಲಭ್ಯಗಳೆಲ್ಲ ಇರುವುದು ಶೇ. 40ರ ಗೆರೆ ದಾಟಿದವರಿಗೆ. ಆ ಸಾಲಿನಲ್ಲಿ ಕಾಯುವ ಅಮ್ಮಂದಿರ ಮಾತು ಸ್ವಲ್ಪ ಕಿವಿಗೊಟ್ಟು ಕೇಳಿ. "ದೇವರೇ, ಇವತ್ತೊಂದು ದಿನ ಇವನು ಡಾಕ್ಟರ್ ಎದುರು ನಗದೇ ಇರಲಿ." "ನಮ್ಮವಳು ಮನೇಲಿ ಚಮಚ ಹಿಡಿಯಲ್ಲ ರೀ, ಇಲ್ಲಿ ಬಂದು ಪೆನ್ನು ಹಿಡಿದುಬಿಟ್ಟಳು, ಏನು ಮಾಡೋದು?" ವರ್ಷವಿಡೀ ಮಗುವಿನ ಒಂದು ನಗುವಿಗೆ ಕಾದವರು ಇವರು. ಆ ನಗು ಬರಬಾರದ ಒಂದೇ ಒಂದು ಬೆಳಗ್ಗೆ ಬಂದುಬಿಡುತ್ತದೆ.

ಇದಕ್ಕಿಂತ ಚಂದದ್ದು ಮುಂದಿದೆ. ಮಗುವಿಗೆ 72 ಅಂಕ ಬಂತು, ಪ್ರಮಾಣಪತ್ರ ಸಿಕ್ಕಿತು, ಅದರ ಜೊತೆ ಒಂದಿಷ್ಟು ನೆರವೂ ಸಿಕ್ಕಿತು. ಅಮ್ಮ ಕೆಲಸ ಬಿಟ್ಟಳು. ಅಪ್ಪ ಸಾಲ ಮಾಡಿದ. ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ, ಮನೆಯಲ್ಲಿ ಮತ್ತೆ ಅದೇ ಪಾಠ. ಮೂರು ವರ್ಷಕ್ಕೆ ಹುಡುಗ "ನೀರು ಬೇಕು" ಅನ್ನುವುದನ್ನು ಕಲಿತ. ಹೆಸರು ಕರೆದರೆ ತಿರುಗುತ್ತಾನೆ. ಪ್ರಮಾಣಪತ್ರದ ಅವಧಿ ಮುಗಿಯಿತು, ಮತ್ತೆ ಪರೀಕ್ಷೆ. ಈ ಸಲ 68.

"ಅಭಿನಂದನೆಗಳು ಅಮ್ಮ, ನಿಮ್ಮ ಮಗನಿಗೆ ಆಟಿಸಂ ಇಲ್ಲ."

"ಸರ್, ಅವನು ಇನ್ನೂ ಒಬ್ಬನೇ ಟಾಯ್ಲೆಟ್ಟಿಗೆ ಹೋಗಲ್ಲ..."

"ಅದು ಬೇರೆ ವಿಷಯ ಅಮ್ಮ. ಇಲ್ಲಿ ಟೋಟಲ್ ನೋಡೋದು."

ಚೇತರಿಕೆಗೆ ಕಾರಣವಾದ ನೆರವು ಚೇತರಿಸಿಕೊಂಡ ತಪ್ಪಿಗೆ ನಿಂತುಹೋಗುತ್ತದೆ. ಥೆರಪಿ ನಿಂತ ಮೇಲೆ ಹುಡುಗ ಹಿಂದಕ್ಕೆ ಜಾರಿದರೆ ಗಾಬರಿ ಬೇಡ, ಮತ್ತೆ ಅರ್ಜಿ ಹಾಕಬಹುದು. ನೆರವು ಬೇಕಾದವರು ಹದಗೆಡುತ್ತಿರಬೇಕು, ಆದರೆ ಹದವಾಗಿ.

ಬೌದ್ಧಿಕ ವೈಕಲ್ಯದವರ ಕಥೆಗೆ ಇನ್ನೊಂದು ರುಚಿ. ನಿಯಮದ ಪ್ರಕಾರ ಪ್ರಮಾಣಪತ್ರವನ್ನು 5, 10 ಮತ್ತು 18ನೇ ವಯಸ್ಸಿನಲ್ಲಿ ಹೊಸದಾಗಿ ಮಾಡಿಸಬೇಕು. 18ರದ್ದು ಜೀವನಪೂರ್ತಿ ನಡೆಯುತ್ತದೆ. ಮಕ್ಕಳು ಬೆಳೆಯುತ್ತಾರೆ, ಅಂಕ ಬದಲಾಗಬಹುದು, ಇದರಲ್ಲಿ ಅರ್ಥವಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಡೌನ್ ಸಿಂಡ್ರೋಮ್ ಇರುವ ಮಗುವನ್ನೂ ಅದೇ ಸಾಲಿಗೆ ನಿಲ್ಲಿಸುತ್ತೇವಲ್ಲ! ಆ ಮಗುವಿನ ಜೀವಕೋಶಗಳಲ್ಲಿ 21ನೇ ಕ್ರೋಮೋಸೋಮು ಎರಡರ ಬದಲು ಮೂರು ಇರುತ್ತವೆ. ಹುಟ್ಟುವ ಮೊದಲೇ ದಾಖಲೆಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಿರುವ ಅರ್ಜಿದಾರ ಭೂಮಿಯ ಮೇಲೆ ಅವನೊಬ್ಬನೇ. ಆದರೂ ನಮಗೆ ಸಮಾಧಾನವಿಲ್ಲ. ಹತ್ತನೇ ವರ್ಷಕ್ಕೆ ಮತ್ತೆ ಕರೆಸುತ್ತೇವೆ. ಯಾರಿಗೆ ಗೊತ್ತು, ಒಂದು ಪ್ರತಿ ವಾಪಸ್ ಹೋಗಿದ್ದರೂ ಹೋಗಿರಬಹುದು.

ಇಷ್ಟೆಲ್ಲ ದಾಟಿದವರಿಗೆ ಏನು ಸಿಗುತ್ತದೆ? ಬಡತನ ರೇಖೆಗಿಂತ ಕೆಳಗಿದ್ದು, 18 ದಾಟಿ, ವೈಕಲ್ಯ ಶೇ. 80 ಮುಟ್ಟಿದ್ದರೆ ಕೇಂದ್ರದ ಪಿಂಚಣಿ ಪಾಲು ತಿಂಗಳಿಗೆ 300 ರೂಪಾಯಿ. 2012ರಲ್ಲಿ 200 ಇದ್ದದ್ದನ್ನು 300 ಮಾಡಿದರು, ಆಮೇಲೆ ಮುಟ್ಟಿಲ್ಲ. ರಾಜ್ಯ ತನ್ನ ಪಾಲು ಸೇರಿಸಿ ಮರ್ಯಾದೆ ಉಳಿಸಬೇಕು. ಕಾಯ್ದೆ ಏನೋ ಉದಾರವಾಗಿಯೇ ಇದೆ. ಬೇರೆಯವರಿಗೆ ಕೊಡುವ ಇಂಥದ್ದೇ ನೆರವಿಗಿಂತ ಅಂಗವಿಕಲರಿಗೆ ಶೇ. 25ರಷ್ಟಾದರೂ ಜಾಸ್ತಿ ಕೊಡಬೇಕು ಅಂತ 24ನೇ ಸೆಕ್ಷನ್ ಹೇಳುತ್ತದೆ. ಲೆಕ್ಕ ಹಾಕಿ ನೋಡಿ. 80 ವರ್ಷ ದಾಟದ ಬಡ ವೃದ್ಧರಿಗೆ ಕೇಂದ್ರ ಕೊಡುವುದು 200. ಅದರ ಮೇಲೆ ಶೇ. 25 ಅಂದರೆ 250. ನಾವು ಕೊಡುತ್ತಿರುವುದು 300! ಕಾನೂನು ಕೇಳಿದ್ದಕ್ಕಿಂತ ಐವತ್ತು ರೂಪಾಯಿ ಜಾಸ್ತಿ. ದಿನಕ್ಕೆ ಹತ್ತು ರೂಪಾಯಿ ಸಾಲುವುದಿಲ್ಲ ಅನ್ನುವ ಪೋಷಕರಿಗೆ ಗಣಿತ ಬರುವುದಿಲ್ಲ, ಅಷ್ಟೇ.

ಕೆಲಸದ ಮೀಸಲಾತಿಯನ್ನೂ ಹೇಳಿ ಮುಗಿಸುತ್ತೇನೆ. ಒಟ್ಟು ಶೇ. 4. ಅದರಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ವೈಕಲ್ಯ ಇಷ್ಟಕ್ಕೂ ಸೇರಿ ಶೇ. 1. ಹೊಂದಿಕೊಂಡು ಹೋಗಬೇಕಪ್ಪ.

ಹೊಂದಿಕೊಳ್ಳದ ಪೋಷಕರು ಸಂಘ ಕಟ್ಟುತ್ತಾರೆ. ಸಂಘ ಕಟ್ಟಿದವರು ಮನವಿ ಬರೆಯುತ್ತಾರೆ. ಬೆಂಗಳೂರಿನಲ್ಲಾದರೆ ಫ್ರೀಡಂ ಪಾರ್ಕಿನಲ್ಲಿ ಕೂರುತ್ತಾರೆ, ಮಗುವನ್ನೂ ಕರೆದುಕೊಂಡೇ ಕೂರುತ್ತಾರೆ, ಯಾಕೆಂದರೆ ಬಿಟ್ಟುಬರಲು ಜಾಗವಿಲ್ಲ. ಬಿಟ್ಟುಬರಲು ಜಾಗ ಬೇಕು ಅನ್ನುವುದೇ ಮನವಿಯ ಮೊದಲ ಬೇಡಿಕೆ. ಇಪ್ಪತ್ತೈದು ವರ್ಷದ ಮಗ ಮೈಕಿನ ಸದ್ದಿಗೆ ಬೆದರಿ ಕೂಗುತ್ತಾನೆ. ಬಂದೋಬಸ್ತಿನವರು ಅದನ್ನು ಘೋಷಣೆ ಅಂದುಕೊಳ್ಳುತ್ತಾರೆ. ಪೂರ್ತಿ ತಪ್ಪೇನಲ್ಲ.

ಡಿಸೆಂಬರ್ 3 ಬಂದರೆ ಮಾತ್ರ ಎಲ್ಲಿಲ್ಲದ ಸಂಭ್ರಮ. ವಿಶ್ವ ಅಂಗವಿಕಲರ ದಿನ. ವೇದಿಕೆಗೆ ಆರು ಮೆಟ್ಟಿಲು, ರ‍್ಯಾಂಪ್ ಇಲ್ಲ. ಆದ್ದರಿಂದ ವೀಲ್‌ಚೇರಿನವರಿಗೆ ಸನ್ಮಾನ ನೆಲದ ಮೇಲೆಯೇ. ಗಣ್ಯರು ಇಳಿದು ಬಂದು ಶಾಲು ಹೊದಿಸುತ್ತಾರೆ, ಅದು ಅವರ ಸರಳತೆ ಅಂತ ನಿರೂಪಕರು ಬಣ್ಣಿಸುತ್ತಾರೆ. ಪೋಷಕರಿಗೆ ವಂದನಾರ್ಪಣೆಗೆ ಮೊದಲು ಎರಡು ನಿಮಿಷ. ಅವರು ಓದಿದ ಮನವಿಯನ್ನು ಸ್ವೀಕರಿಸಿದ ಸಚಿವರು, ಇದನ್ನು ಸರ್ಕಾರದ ಗಮನಕ್ಕೆ ತರುವುದಾಗಿ ಭರವಸೆ ಕೊಡುತ್ತಾರೆ. ಸರ್ಕಾರ ಎಲ್ಲಿ ಸಿಗುತ್ತದೆ, ಸಿಕ್ಕರೆ ಸಚಿವರು ಅದಕ್ಕೆ ಏನು ಹೇಳುತ್ತಾರೆ ಅನ್ನುವುದನ್ನು ಪೋಷಕರು ಕೇಳಬಾರದು. ಎರಡು ನಿಮಿಷ ಮುಗಿದಿರುತ್ತದೆ.

ಅಷ್ಟರಲ್ಲಿ ಮಕ್ಕಳಿಗೆ 18 ತುಂಬಿಬಿಡುತ್ತದೆ. ಹೆತ್ತು, ಸಾಕಿ, ಹಲ್ಲುಜ್ಜಿಸಿ, ರಾತ್ರಿಯೆಲ್ಲ ಕಾದ ತಾಯಿ ಹದಿನೆಂಟನೇ ಹುಟ್ಟುಹಬ್ಬದ ಬೆಳಗ್ಗೆ ಕಾನೂನಿನ ಕಣ್ಣಿಗೆ ಹೊರಗಿನವಳಾಗುತ್ತಾಳೆ. ಮಗ ವಯಸ್ಕ. ಅವನಿಗೆ ಸಹಿ ಬರುವುದಿಲ್ಲ, ಅವನ ಪರವಾಗಿ ಹಾಕಲು ಅವಳಿಗೆ ಅಧಿಕಾರವಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ, ತನ್ನ ಮಗನಿಗೆ ತನ್ನನ್ನೇ ಗಾರ್ಡಿಯನ್, ಅಂದರೆ ಕಾನೂನುಬದ್ಧ ಪಾಲಕಿ, ಆಗಿ ನೇಮಿಸಿ ಅಂತ ಕೇಳಿಕೊಳ್ಳಬೇಕು. ಆ ಕಾವಲು ಇರಲೇಬೇಕು ಅನ್ನಿ, ಮಗನ ಆಸ್ತಿ ನುಂಗುವ ಅಣ್ಣತಮ್ಮಂದಿರೂ ಇದ್ದಾರೆ. ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಆದರೆ ಒಮ್ಮೆ ಚುನಾವಣೆ ಬರುತ್ತದೆ, ಇನ್ನೊಮ್ಮೆ ಪ್ರವಾಹ, ಮತ್ತೊಮ್ಮೆ ಸಾಹೇಬರ ವರ್ಗಾವಣೆ. ಈ ನಡುವೆ ಮಗನ ಪಿಂಚಣಿ ಬ್ಯಾಂಕಿಗೆ ಬಂದು ಬೀಳುತ್ತಿರುತ್ತದೆ. ತೆಗೆಯಲು ಹೋದರೆ ಕೌಂಟರಿನಲ್ಲಿ ಒಂದೇ ಪ್ರಶ್ನೆ.

"ಗಾರ್ಡಿಯನ್ ಬಂದಿದ್ದಾರಾ?"

"ನಾನು ಅವನ ತಾಯಿ ಸರ್."

"ಅದು ಸರಿ ಅಮ್ಮ. ಗಾರ್ಡಿಯನ್ ಯಾರು?"