ಷಷ್ಠೀ ವಿಭಕ್ತಿಯ ಗೂಡು

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ 31 ವರ್ಷ ಮಕ್ಕಳಿಗೆ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಸಿದ ನಾನು, ನಿವೃತ್ತನಾದ ಮೇಲೆ ಅದೇ ವಿಭಕ್ತಿಯ ಕೈಯಿಂದ ಪೆಟ್ಟು ತಿನ್ನುತ್ತೇನೆಂದು ಎಣಿಸಿರಲಿಲ್ಲ. ಅದೂ ಒಂದು ಹಕ್ಕಿಗೂಡಿನ ನೆಪದಲ್ಲಿ.

ಮಂಗಳೂರಿನಲ್ಲಿದ್ದ ಮಗಳೂ ಅಳಿಯನೂ ಮಸ್ಕತ್ತಿಗೆ ಹೊರಟು ನಿಂತಾಗ ಮನೆಯ ಸಾಮಾನುಗಳನ್ನೆಲ್ಲ ಹೇಗೋ ವಿಲೇವಾರಿ ಮಾಡಿ, ಯಾವ ವಿಲೇವಾರಿಗೂ ಒಗ್ಗದ ಆರು ಬಜರಿಗರ್ ಹಕ್ಕಿಗಳನ್ನು ಪಂಜರಸಮೇತ ನಮ್ಮ ಜಗಲಿಯಲ್ಲಿ ತಂದಿಟ್ಟರು. ಬದಿಯಡ್ಕದಿಂದ ಪೆರ್ಲದ ತನಕ ಯಾರನ್ನು ಕೇಳಿದರೂ ಇವಕ್ಕೆ ಲವ್ ಬರ್ಡ್ಸ್ ಎಂದೇ ಹೇಳುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕದ್ದು, ಇದು ಆಸ್ಟ್ರೇಲಿಯದ್ದು ಎಂದು ನಾನು ಬಂದವರಿಗೆಲ್ಲ ತಿದ್ದಿ ಹೇಳುತ್ತಿದ್ದೆ. ತಿದ್ದುವುದು ನನ್ನ ಚಾಳಿ. ಆದರೆ ಮಗಳಿಟ್ಟಿದ್ದ ಇಂಗ್ಲಿಷ್ ಹೆಸರುಗಳು ನಮ್ಮ ಅಮ್ಮನ ನಾಲಗೆಗೆ ಹೊರಳದ ಕಾರಣ ಅವುಗಳಿಗೆ ಪ್ರಥಮಾ, ದ್ವಿತೀಯಾ, ತೃತೀಯಾ, ಚತುರ್ಥೀ, ಪಂಚಮೀ, ಷಷ್ಠೀ ಎಂದು ಮರುನಾಮಕರಣ ಮಾಡಿದೆ. ಕೊಕ್ಕಿನ ಮೇಲಿನ ಮೂಗಿನ ಭಾಗ ನೀಲಿಯಾಗಿದ್ದರೆ ಗಂಡು, ಕಂದಾಗಿದ್ದರೆ ಹೆಣ್ಣು ಎಂಬ ಸಂಗತಿ ತಿಳಿಯುವಷ್ಟರಲ್ಲಿ ಹೆಸರುಗಳು ರೂಢಿಗೆ ಬಂದಿದ್ದವು. ಹಾಗಾಗಿ ನಮ್ಮಲ್ಲಿ ಮೂವರು ಗಂಡಸರು ಇಂದಿಗೂ ಸ್ತ್ರೀಲಿಂಗದಲ್ಲಿಯೇ ಬಾಳುತ್ತಿದ್ದಾರೆ. ಕನ್ನಡದಲ್ಲಿ ಪಂಚಮೀ ವಿಭಕ್ತಿ ಇದೆಯೇ ಇಲ್ಲವೇ ಎಂಬ ಹಳೆಯ ಚರ್ಚೆಯ ಛಾಯೆಯೋ ಏನೋ, ಪಂಚಮಿಯನ್ನು ಉಳಿದ ಐವರು ಕಾಳಿನ ಬಟ್ಟಲಿನ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ.

ಜಗಳದ ಮೂಲ ಇಕ್ಕಟ್ಟು ಎಂದು ಮಗಳು ಮಸ್ಕತ್ತಿನಿಂದ ವಿಡಿಯೋ ಕರೆಯಲ್ಲಿ ತೀರ್ಪು ಕೊಟ್ಟಳು. "ಅಪ್ಪ, ಹಾರಲಿಕ್ಕೆ ಜಾಗ ಬೇಕು ಅವಕ್ಕೆ. ಅಷ್ಟು ದೊಡ್ಡ ಹಿತ್ತಿಲು ಇದೆಯಲ್ಲ, ಹೊರಗೆ ಒಂದು ಗೂಡು ಮಾಡಿಸಿ," ಎಂದಳು. ಈ ಹಕ್ಕಿಗಳು ಮೇಲಕ್ಕೂ ಕೆಳಕ್ಕೂ ಹಾರುವುದಕ್ಕಿಂತ ಉದ್ದಕ್ಕೆ ಹಾರುವುದೇ ಹೆಚ್ಚಾದುದರಿಂದ ಗೂಡಿಗೆ ಎತ್ತರಕ್ಕಿಂತ ಉದ್ದ ಮುಖ್ಯ ಎಂದು ಓದಿ, 8 ಅಡಿ ಉದ್ದ, 5 ಅಡಿ ಅಗಲ, ಆಳು ನಿಲ್ಲುವಷ್ಟು ಎತ್ತರ ಎಂದು ಕಾಗದದಲ್ಲಿ ಗೀಚಿದೆ. ಗೀಚಿದ್ದು ಸುಲಭವಾಯಿತು, ಜಾಗ ಹುಡುಕುವುದು ಆಗಲಿಲ್ಲ.

ನಮ್ಮ ಕಡೆಯ ಹಿತ್ತಿಲಿನಲ್ಲಿ ತಲೆಯ ಮೇಲೆ ತೆಂಗು ಇಲ್ಲದ 40 ಚದರಡಿಯನ್ನು ಹುಡುಕುವವನಿಗೆ ತಾಳ್ಮೆ ಬೇಕು. ಬಾವಿಕಟ್ಟೆಯ ಬದಿಯಲ್ಲಿ ತೆಂಗು, ಹಟ್ಟಿಯ ಹಿಂದೆ ತೆಂಗು, ಅವೆರಡರ ನಡುವೆ ನಾನೇ 1998ರಲ್ಲಿ ಜಾಗ ಖಾಲಿ ಇದೆಯೆಂದು ನೆಟ್ಟ ತೆಂಗು. ಒಂದು ಒಣಮಡಲು ಬಿದ್ದರೆ ತಗಡು ಬಗ್ಗುತ್ತದೆ, ಕಾಯಿ ಬಿದ್ದರೆ 30–40 ಗ್ರಾಂ ತೂಗುವ ಹಕ್ಕಿಗೆ ಎದೆಯೊಡೆಯಲು ಸದ್ದೇ ಸಾಕು. ತೆರವಾಗಿದ್ದ ಒಂದೇ ಜಾಗ ಅಡಿಕೆ ಒಣಗಿಸುವ ಅಂಗಳ. ಅದರ ಮೂಲೆಯನ್ನು ಕೇಳಿದಾಗ ಮನೆಯವಳು ಉತ್ತರವನ್ನೇ ಕೊಡದೆ ಅಡಿಕೆ ಕೆರೆಯುವ ಹಲುಬೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಕೊನೆಗೆ ಬಿಂಬುಳಿ ಮರದ ಪಕ್ಕದಲ್ಲಿ, ಪಡುವಣಕ್ಕೆ ಮುಖಮಾಡಿ, ಸಂಜೆಯ ಬಿಸಿಲು ಚೆನ್ನಾಗಿ ಬೀಳುವಂತೆ ಜಾಗ ನಿಶ್ಚಯವಾಯಿತು. ಪಡುವಣಕ್ಕೆ ಮುಖಮಾಡಿದ್ದು ಎಂಥ ಬುದ್ಧಿವಂತಿಕೆ ಎಂಬುದು ಜೂನ್‌ನಲ್ಲಿ ಗೊತ್ತಾಯಿತು. ಅದು ಆಮೇಲಿನ ಮಾತು.

ಹೆಗ್ಗಣ ಕೊರೆಯದಂತೆ ಎರಡು ಸಾಲು ಕೆಂಪುಕಲ್ಲು ಕಟ್ಟಿಸಿ, ನೆಲಕ್ಕೆ ಸಿಮೆಂಟು ಹಾಕಿಸಿ, ತೊಳೆದ ನೀರು ಹೋಗಲು ಮೂಲೆಯಲ್ಲಿ ಎರಡು ಇಂಚಿನ ಪಿವಿಸಿ ಪೈಪು ಇಡಿಸಿದೆ. ಇನ್ನು ಕಬ್ಬಿಣದ ಕೆಲಸ. ವೆಲ್ಡಿಂಗಿನವರು ಮಲೆಯಾಳದವರು, ಕನ್ನಡ ಅರ್ಥವಾಗುತ್ತದೆ, ಮಾತನಾಡುವುದು ಕಡಿಮೆ. ನಾನು ಮಲೆಯಾಳವನ್ನು ಚೆನ್ನಾಗಿಯೇ ಆಡಬಲ್ಲೆನಾದರೂ ಕೆಲಸಗಾರರೊಡನೆ ಕನ್ನಡದಲ್ಲಿಯೇ ಮಾತನಾಡಬೇಕೆಂಬುದು ನನ್ನದೊಂದು ವ್ರತ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೆ ನನ್ನಂಥವರಿಗೆ ಉಳಿದಿರುವುದು ಇಂಥ ಚಿಲ್ಲರೆ ವ್ರತಗಳೇ. ಬಲೆಯ ಕಣ್ಣು ಎಷ್ಟಿರಬೇಕೆಂದು ಅವರು ಫೋನಿನಲ್ಲಿ ಕೇಳಿದಾಗ, ಅರ್ಧ ಇಂಚು ಎಂದು ಎರಡು ಶಬ್ದದಲ್ಲಿ ಹೇಳಿ ಮುಗಿಸಬಹುದಾಗಿದ್ದುದನ್ನು ಮೇಷ್ಟರಾದ ತಪ್ಪಿಗೆ ಬಿಡಿಸಿ ಹೇಳಿದೆ: "ಒಂದು ಇಂಚಿನದು ಬೇಡ, ಒಂದರ ಅರ್ಧ."

ಆಗ ಅಲ್ಲಿ ಬಸ್ಸೊಂದು ಹಾರ್ನ್ ಹಾಕಿತು. ಅರ್ಧ ಎಂಬ ಶಬ್ದ ಅದರಲ್ಲಿ ಮುಳುಗಿತು.

"ಒನ್ನರ ಅಲ್ಲೇ, ಮಾಷೆ?" ಎಂದು ಅವರು ಕೇಳಿದರು.

ಪಾಪ, ಒಂದರ ಎನ್ನುವುದನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಹೇಳುತ್ತಿದ್ದಾರೆ ಎಂದು ಎಣಿಸಿ, "ಹೌದು, ಒಂದರ," ಎಂದು ಷಷ್ಠೀ ವಿಭಕ್ತಿಯ ಮೇಲೆ ಒತ್ತು ಕೊಟ್ಟು ಪುನಃ ಹೇಳಿದೆ. ಮಲೆಯಾಳದಲ್ಲಿ ಒನ್ನರ ಎಂದರೆ ಒಂದೂವರೆ ಎಂದು ನನಗೆ ತಿಳಿಯದ್ದೇನಲ್ಲ. ಬದಿಯಡ್ಕದ ಅಂಗಡಿಯಲ್ಲಿ ಒನ್ನರ ಕಿಲೋ ಸಕ್ಕರೆ ಎಷ್ಟೋ ಸಲ ಕೇಳಿ ತಂದಿದ್ದೇನೆ. ಆದರೆ ಶುದ್ಧ ಕನ್ನಡ ಮಾತನಾಡುವ ಠೀವಿ ಬಂದಾಗ ನನ್ನ ಮಲೆಯಾಳದ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಬಲೆ ಹೊಡೆದ ದಿನ ನಾನು ಅಡಿಕೆ ಮಾರಲು ಪೇಟೆಗೆ ಹೋಗಿದ್ದೆ. ಮುಚ್ಚಂಜೆಗೆ ಬಂದು ದೂರದಿಂದ ನೋಡಿದಾಗ ಗೂಡು ಗಂಭೀರವಾಗಿ ಕಂಡಿತು. ಮರುದಿನ ಬೆಳಗ್ಗೆ ಆರೂ ಹಕ್ಕಿಗಳನ್ನು ಒಳಗೆ ಬಿಟ್ಟು, ಬಾಗಿಲು ಹಾಕಿ, ಮಗಳಿಗೆ ತೋರಿಸಲೆಂದು ಮೊಬೈಲು ಹಿಡಿದೆ. ಹಕ್ಕಿಯೊಂದು ಬಲೆಯ ಮೇಲೆ ಹತ್ತಿತು, ಒಂದು ಕಣ್ಣಿನಲ್ಲಿ ತಲೆ ಹೊರಗೆ ಹಾಕಿತು, ಒಂದು ಹೆಗಲನ್ನು ಓರೆ ಮಾಡಿ ತೂರಿಸಿತು, ಆಮೇಲೆ ಇನ್ನೊಂದನ್ನು. ಯಾವ ಗಡಿಬಿಡಿಯೂ ಇಲ್ಲದೆ, ತಗ್ಗು ಬಾಗಿಲಿನ ಹಳೆಯ ಮನೆಯಿಂದ ನೆಂಟರು ಬಗ್ಗಿ ಹೊರಬರುವ ಹಾಗೆ ಹೊರಗೆ ಬಂದು, ಬಲೆಯ ಹೊರಮೈಯಲ್ಲಿ ಕುಳಿತು ನನ್ನನ್ನು ನೋಡಿತು. ಕಥೆಯ ಅಂದಕ್ಕೆ ಅದು ಷಷ್ಠಿ ಎಂದು ಬರೆಯಬಹುದಿತ್ತು. ಅದು ತೃತೀಯಾ.

ಬಲೆಗೆ ಸ್ಕೇಲು ಹಿಡಿದು ನೋಡಿದರೆ ಒಂದೂವರೆ ಇಂಚು.

ಉಳಿದ ಐದು ತೃತೀಯಾಳ ದಾರಿ ಹಿಡಿಯುವ ಮೊದಲು ಅವನ್ನು ಹಳೆಯ ಪಂಜರಕ್ಕೆ ತುಂಬಿಸುವಷ್ಟರಲ್ಲಿ ನನ್ನ ಎರಡು ಬೆರಳು ರಕ್ತವಾದವು. ತೃತೀಯಾ ಬಿಂಬುಳಿ ಮರದಲ್ಲಿ ಕುಳಿತಿತ್ತು, ತೆಂಗಿನ ಮೇಲಿಂದ ಕಾಗೆಯೊಂದು ಅದನ್ನು ಗಮನಿಸತೊಡಗಿತ್ತು. ಪಂಜರವನ್ನು ಮರದಡಿಯಲ್ಲಿಟ್ಟು ಅದರ ಮೇಲೆ ನವಣೆಯ ಬಟ್ಟಲಿಟ್ಟು ದೂರ ನಿಲ್ಲಿರಿ, ಗುಂಪಿನ ಹಕ್ಕಿ ಗುಂಪಿನ ಸ್ವರಕ್ಕೆ ಬರುತ್ತದೆ ಎಂದು ಮಗಳು ಫೋನಿನೊಳಗಿಂದಲೇ ಕೂಗಿದಳು. ಮನೆಯವಳು ಕಾಗೆಯನ್ನು ಓಡಿಸಲು, ನಾನು ಬೆರಳು ಚೀಪಲು ನಿಂತೆವು. ಮಧ್ಯಾಹ್ನ ಊಟದ ಹೊತ್ತಿಗೆ ತೃತೀಯಾ ಇಳಿದು ಬಂದು, ಇಷ್ಟು ದಿನ ತಾನು ಕುಟ್ಟಿ ಓಡಿಸುತ್ತಿದ್ದ ಪಂಚಮಿಯ ಮುಖಕ್ಕೆ ಮುಖ ಹಚ್ಚಿ ಕುಳಿತಿತು. ಒದ್ದೆ ಬೈರಾಸು ಹಾಕಿ ಹಿಡಿದೆ.

ವೆಲ್ಡಿಂಗಿನವರು ಬಂದು ನೋಡಿ, "ಮಾಷೆ ಎರಡು ಸಲ ಹೇಳಿದ್ದಲ್ಲವೋ, ಒನ್ನರ ಅಂತ?" ಎಂದರು. ಎರಡನೆಯ ಸಲ ಒತ್ತಿ ಹೇಳಿದ್ದು ನಾನೇ ಆದುದರಿಂದ ಸುಮ್ಮನಾದೆ. ಬಿಚ್ಚಿದ ಬಲೆ ತೊಂಡೆಯ ಚಪ್ಪರಕ್ಕೆ ಹೋಯಿತು. ತೊಂಡೆಗೆ ಒಂದೂವರೆ ಇಂಚು ಬಹಳ ಹಿತವಾಗಿದೆ.

ಅರ್ಧ ಇಂಚಿನ ಹೊಸ ಬಲೆಗೂ ಒಂದು ಉಪಚಾರ ಬಾಕಿಯಿತ್ತು. ಹೊಸ ಬಲೆಯ ಮೇಲೆ ಸತುವಿನ ಬಿಳಿಪುಡಿಯೂ ಸಣ್ಣ ಸಣ್ಣ ಗಂಟುಗಳೂ ಇರುತ್ತವೆ. ಬಜರಿಗರ್‌ಗೆ ಕೊಕ್ಕು ಎಂದರೆ ಮೂರನೆಯ ಕಾಲು, ಬಲೆ ಹತ್ತುವುದೇ ಕಚ್ಚಿ ಹಿಡಿದು. ಹಾಗಾಗಿ ಆ ಸತು ಹೊಟ್ಟೆಗೆ ಹೋದರೆ ವಿಷವಾಗುತ್ತದೆ, ವಿನೆಗರ್ ಹಾಕಿ ಉಜ್ಜಿ ತೊಳೆಯಬೇಕು. ಪೇಟೆಗೆ ಹೋಗಿ, ಮಲೆಯಾಳಕ್ಕೆ ಇನ್ನೊಮ್ಮೆ ಎಡೆಗೊಡದೆ, ಅಲ್ಲಿ ಸುರ್ಕ ಎನ್ನುವ ವಿನೆಗರಿನ ಬಾಟಲಿಯನ್ನು ಬೆರಳು ತೋರಿಸಿಯೇ ಕೇಳಿ ತಂದೆ. ಒಂದು ಬದಿಯ ಗೋಡೆಗೆ ಅದು ಮುಗಿಯಿತು. 86 ವರ್ಷದ ಅಮ್ಮ ಜಗಲಿಯಲ್ಲಿ ಕುಳಿತು ನೋಡುತ್ತಿದ್ದವರು, "ಕಂಚಿನ ಪಾತ್ರೆಯ ಕಿಲುಬು ತೆಗೆಯುವ ಬಿಂಬುಳಿ ನೆತ್ತಿಯ ಮೇಲೆ ನೇತಾಡುವಾಗ ಇವನಿಗೆ ಪೇಟೆಯ ಹುಳಿ ಬೇಕು," ಎಂದು ಗಾಳಿಗೆ ಹೇಳಿದರು. ಉಳಿದ ಮೂರು ಬದಿಗಳನ್ನು ಬಿಂಬುಳಿ ಜಜ್ಜಿ ತೆಂಗಿನ ನಾರಿನಿಂದ ಉಜ್ಜಿದೆವು. ಹಕ್ಕಿ ಕಚ್ಚಿದ ಎರಡು ಬೆರಳುಗಳಿಗೆ ಬಿಂಬುಳಿಯ ರಸ ತಾಗಿದಾಗ ನನ್ನ ಬಾಯಿಂದ ಬಂದ ಸ್ವರ ಯಾವ ವರ್ಣಮಾಲೆಯಲ್ಲಿಯೂ ಇಲ್ಲ.

ಇಂಥ ಗೂಡಿಗೆ ಎರಡು ಬಾಗಿಲು ಬೇಕು. ಹೊರಬಾಗಿಲಿನಿಂದ ಮೂರಡಿ ಚದರದ ಸಣ್ಣ ಕೋಣೆಗೆ ಹೊಕ್ಕು, ಅದನ್ನು ಮುಚ್ಚಿ, ಆಮೇಲೆ ಒಳಬಾಗಿಲು ತೆರೆದರೆ ಹಕ್ಕಿ ತಲೆಯ ಮೇಲಿನಿಂದ ಹಾರಿ ಹೋಗುವ ಭಯವಿಲ್ಲ. ನನ್ನ ಮರೆವನ್ನು ಬಲ್ಲ ಮನೆಯವಳ ಸೂಚನೆಯಂತೆ ಹೊರಬಾಗಿಲಿಗೆ ತನ್ನಷ್ಟಕ್ಕೆ ಮುಚ್ಚುವ ಸ್ಪ್ರಿಂಗು, ತನ್ನಷ್ಟಕ್ಕೆ ಬೀಳುವ ಕೊಂಡಿ ಹಾಕಿಸಿದೆವು. ಕೊಂಡಿ ಹೊರಮೈಯಲ್ಲಿತ್ತು. ಒಳಗೆ ಹೋದವನು ಹೊರಗೆ ಬರಲೂಬೇಕು ಎಂಬುದು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ಆಚರಣೆಯ ದಿನವಾದ ಪತ್ತನಾಜೆ ಕಳೆದ ಮೂರನೆಯ ದಿನ ಮನೆಯವಳು ನೀರ್ಚಾಲಿನಲ್ಲಿ ನೆಂಟರ ಮನೆಯ ಪೂಜೆಗೆ ಹೋಗಿದ್ದಳು. ಪೇರಳೆಯ ಹೊಸ ಗೆಲ್ಲೊಂದನ್ನು ಹಕ್ಕಿಗಳಿಗೆ ಕೂರಲು ಕಟ್ಟೋಣವೆಂದು ನಾನು ಒಳಗೆ ಹೋದೆ, ಹಿಂದಿನಿಂದ ಕೊಂಡಿ ಟಕ್ ಎಂದು ಬಿತ್ತು. ಅರ್ಧ ಇಂಚಿನ ಕಣ್ಣಿನಲ್ಲಿ ನನ್ನ ಕಿರುಬೆರಳು ಮೊದಲ ಗೆಣ್ಣಿನ ತನಕ ಹೋಗುತ್ತದೆ, ಕೊಂಡಿ ಅದರಿಂದ ಒಂದು ಗೇಣು ದೂರ. ಮೊಬೈಲು ಜಗಲಿಯಲ್ಲಿತ್ತು. ಅಮ್ಮ ಒಳಗೆ ಮಂಗಳೂರು ಆಕಾಶವಾಣಿಯನ್ನು ತಮ್ಮ ಕಿವಿಗೆ ಬೇಕಾದ ಎತ್ತರದ ಸ್ವರದಲ್ಲಿ ಇಟ್ಟಿದ್ದರು. ನಾನು ಬಕೇಟನ್ನು ಕವುಚಿ ಅದರ ಮೇಲೆ ಕುಳಿತೆ. ಆರೂ ಹಕ್ಕಿಗಳು ಪೇರಳೆ ಗೆಲ್ಲಿನಲ್ಲಿ ಸಾಲಾಗಿ ಕುಳಿತು, ಒಮ್ಮೆ ಎಡಗಣ್ಣಿನಿಂದ ಒಮ್ಮೆ ಬಲಗಣ್ಣಿನಿಂದ ನನ್ನನ್ನು ಪರೀಕ್ಷಿಸಿದವು. ಸ್ವಲ್ಪ ಹೊತ್ತಿನಲ್ಲಿ ಷಷ್ಠಿ ಹೆಗಲಿಗೆ ಇಳಿದು ನನ್ನ ಕನ್ನಡಕದ ಕಾಲಿನ ರಬ್ಬರನ್ನು ಶ್ರದ್ಧೆಯಿಂದ ಕಿತ್ತು ತೆಗೆಯತೊಡಗಿತು.

ಕರೆಂಟಿನ ಮೀಟರು ನೋಡುವ ಹುಡುಗ ಬಂದ. ಈಗ ಕರೆಯೋಣ ಎಂದುಕೊಳ್ಳುವಷ್ಟರಲ್ಲಿ ಅವನೇ ಹತ್ತಿರ ಬಂದು ಬಹಳ ಗೌರವದಿಂದ, "ಮಾಷೆ ಹಕ್ಕಿಗೆ ಪಾಠ ಮಾಡುವುದಾ?" ಎಂದು ಕೇಳಿದ. ಅಷ್ಟು ಗೌರವದ ಎದುರಿನಲ್ಲಿ ನಾನು ಸಿಕ್ಕಿಬಿದ್ದಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ. "ಹೌದು, ಸ್ವಲ್ಪ," ಎಂದೆ. ಅವನು ಬಿಲ್ಲನ್ನು ಬಲೆಗೆ ಸಿಕ್ಕಿಸಿ ಹೋದ. ಆಮೇಲೆ ಬಂದ ಹಳೆಯ ಶಿಷ್ಯನೊಬ್ಬ, ತೋಟದಲ್ಲಿ ಸಿಕ್ಕಿದ ಹಸಿರು ಗಿಳಿಮರಿಯೊಂದನ್ನು ಇದರಲ್ಲಿ ಸೇರಿಸಬಹುದೇ ಎಂದು ವಿಚಾರಿಸಿದ. ನಮ್ಮ ಕಾಡಿನ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ, ಹಿಡಿದಲ್ಲಿಯೇ ಬಿಡು, ಬಂಧನ ಯಾರಿಗೂ ಒಳ್ಳೆಯದಲ್ಲ ಎಂದು ನಾನು ಬಕೇಟಿನ ಮೇಲಿನಿಂದಲೇ ಉಪದೇಶಿಸಿದೆ. ಅವನು ಕೈಮುಗಿದು ಹೋದ ಮೇಲೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಕೊನೆಗೆ ಅಮ್ಮ ಜಗಲಿಗೆ ಬಂದರು. "ಕೊಂಡಿ ತೆಗೆಯಿರಿ!" ಎಂದು ಕೂಗಿದೆ. ಅವರು ತಲೆಯಾಡಿಸಿ ಒಳಗೆ ಹೋಗಿ, ನಿಧಾನವಾಗಿ ನಡೆದು ಬಂದು, ಒಂದು ಲೋಟ ನೀರುಮಜ್ಜಿಗೆಯನ್ನು ಬಲೆಯ ಹತ್ತಿರ ಹಿಡಿದರು. ಬಾಯಾರಿಕೆ ಎಂದು ಕೇಳಿಸಿತ್ತಂತೆ. ಲೋಟವನ್ನು ಆ ಬದಿಯಿಂದ ಈ ಬದಿಯಿಂದ ಬಲೆಗೆ ಒತ್ತಿ ನೋಡಿ, ಎಲ್ಲಿಯೂ ತೂರದೆ ಹೋದಾಗ, "ಎಂಥ ಹಾಳು ಬಲೆ ಹಾಕಿಸಿದ್ದಿ," ಎಂದು ಬೈದು, ಕೊಂಡಿ ಎತ್ತಿ ಬಾಗಿಲು ತೆರೆದರು. ಮಜ್ಜಿಗೆಯನ್ನು ನಿಂತಲ್ಲಿಯೇ ಕುಡಿದೆ. ಒಳಬಾಗಿಲು ಮುಚ್ಚಿಯೇ ಇತ್ತು. ಒಂದು ಹಕ್ಕಿಯೂ ಹೊರಗೆ ಹೋಗಲಿಲ್ಲ.

ಒಳಗಿನಿಂದ ತೆಗೆಯುವ ಚಿಲಕ ಹಾಕಲು ವೆಲ್ಡಿಂಗಿನವರು ನಾಳೆ ಬರುತ್ತೇನೆಂದರು. ಅವರ ನಾಳೆಗೆ ಮುಂಚೆ ಮಳೆಗಾಲ ಬಂತು. ಈ ಹಕ್ಕಿಗಳು ಆಸ್ಟ್ರೇಲಿಯದ ಒಣ ಬಯಲಿನವು. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದನಂತೆ. ಅವನಿಗೇನು, ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಊರಿಗೆ ತಂದು ನೋಡಬೇಕಿತ್ತು. ಪಡುವಣದ ಗಾಳಿ ನೇರವಾಗಿ ಗೂಡಿನ ಮುಖಕ್ಕೇ ಹೊಡೆದು, ಮಾಡಿನ ತಗಡು ಇದ್ದೂ ಇಲ್ಲದ ಹಾಗೆ ಇರಚಲು ಹಿಂಬದಿಯ ಗೋಡೆಗೆ ಮುಟ್ಟಿತು. ನೀಲಿ ಟಾರ್ಪಾಲು ಕಟ್ಟಿದರೆ ಅದು ರಾತ್ರಿಯಿಡೀ ಫಟಫಟ ಬಡಿದು, ಹಕ್ಕಿಗಳು ಕತ್ತಲೆಯಲ್ಲಿ ಹೆದರಿ ಗೋಡೆಯಿಂದ ಗೋಡೆಗೆ ಹಾರಿದವು. ಮಡಲು ಹೆಣೆದ ತಟ್ಟಿ ಕಟ್ಟಿ, ಒಂದು ಸಣ್ಣ ದೀಪ ಹಾಕಿದ ಮೇಲೆ ಶಾಂತವಾದವು. ತಟ್ಟಿ ಕಟ್ಟಿದ ದಿನ ನೋಡಿದರೆ ಮೂಲೆಯ ಪಿವಿಸಿ ಪೈಪಿನಲ್ಲಿ ಒಂದು ಕೇರೆಹಾವಿನ ತಲೆ. ಚೆಲ್ಲಿದ ನವಣೆಗೆ ಇಲಿ, ಇಲಿಯ ಬೆನ್ನಿಗೆ ಕೇರೆ. ದಾರಿ ಮಾಡಿಕೊಟ್ಟದ್ದು ನಾನು. ಬಲೆ, ಬಾಗಿಲು, ಕೆಂಪುಕಲ್ಲು ಎಂದು ಎರಡು ತಿಂಗಳು ಲೆಕ್ಕ ಹಾಕಿದವನಿಗೆ ಆ ಎರಡು ಇಂಚು ಮಾತ್ರ ಕಂಡಿರಲಿಲ್ಲ. ಬಾಯಾರುವಷ್ಟು ಹೊತ್ತು ಕೋಲು ಬಡಿದ ಮೇಲೆ ಅದು ಬಂದ ದಾರಿಯಲ್ಲಿಯೇ ಹಿಂದೆ ಹೋಯಿತು. ಪೈಪಿನ ಬಾಯಿಗೂ ಅರ್ಧ ಇಂಚಿನ ತುಂಡು ಕಟ್ಟಿದೆ.

ವೆಲ್ಡಿಂಗಿನವರು ಜೂನ್ ಕೊನೆಗೆ ಬಂದರು. ಒಳಚಿಲಕ ಹಾಕಿ, ಮಾಡಿನ ತಗಡನ್ನು ಮುಂದಕ್ಕೆ ಎರಡಡಿ ಇಳಿಸಿ, ಪಡುವಣದ ಬದಿಗೆ ಶಾಶ್ವತವಾಗಿ ತಗಡು ಹೊಡೆದರು. ನಾನು ಈ ಸಲ ಒಂದು ಮಾತನ್ನೂ ಆಡದೆ ಅಡಿಕೆ ಹಾಳೆಯ ಮೇಲೆ ಪೆನ್ಸಿಲಿನಿಂದ ಅಳತೆ ಬರೆದು ಕೊಟ್ಟಿದ್ದೆ. ಕೆಲಸ ಮುಗಿದ ಮೇಲೆ ಕೂಲಿ ಎಷ್ಟು ದಿನದ್ದು ಎಂದು ಕೇಳಿದೆ. ಅವರು ಕೈ ಒರಸಿಕೊಂಡು, ಗೂಡಿನ ಕಡೆಗೊಮ್ಮೆ ನೋಡಿ, ಶಾಲೆಯ ಹುಡುಗ ಒಪ್ಪಿಸುವ ಹಾಗೆ ಅಕ್ಷರ ಅಕ್ಷರ ಬಿಡಿಸಿ ಹೇಳಿದರು:

"ಒಂ-ದೂ-ವ-ರೆ, ಮಾಷೆ. ಕನ್ನಡದ್ದೇ."

ಒಂದೂವರೆ ದಿನದ್ದನ್ನೇ ಎಣಿಸಿ ಕೊಟ್ಟೆ.