ಗೋಡೆಗೆ ಸುಣ್ಣ ಬಿದ್ದ ಮೇಲೆ

ಕಳೆದ ತಿಂಗಳು ಗೆಳೆಯರೊಬ್ಬರ ಮನೆಯಲ್ಲಿ, ನ್ಯೂಯಾರ್ಕಿನ ರೈಲುಗಳ ಮೇಲೆ ಹುಡುಗರು ಬರೆದ ಬಣ್ಣದ ಬರಹಗಳ ಫೋಟೋಗಳಿರುವ ‘ಸಬ್‌ವೇ ಆರ್ಟ್’ ಪುಸ್ತಕದ ಹಳೆಯ ಪ್ರತಿಯೊಂದು ಕೈಗೆ ಸಿಕ್ಕಿತು. ಬೆನ್ನು ಬಿಟ್ಟುಹೋಗಿತ್ತು, ಮೂಲೆಗಳು ಮಡಚಿ ಮೆತ್ತಗಾಗಿದ್ದವು, ನಡುವಿನ ಎರಡು ಹಾಳೆಗಳನ್ನು ಯಾರೋ ಬ್ಲೇಡಿನಿಂದ ನೀಟಾಗಿ ಕತ್ತರಿಸಿಕೊಂಡಿದ್ದರು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಯಲ್ಲಿ ಬಹಳ ವರ್ಷಗಳ ಹಿಂದೆ ಸಿಕ್ಕದ್ದೆಂದು ಗೆಳೆಯರು ಹೇಳಿದರು. ಅಂದು ರಾತ್ರಿ ಅದನ್ನು ಮನೆಗೆ ತಂದು ಪುಟ ಪುಟವಾಗಿ ನೋಡಿದವನಿಗೆ, ಬೀದಿಯ ಚಿತ್ರಗಳಿಗೂ ನಮ್ಮ ಕಾಲದ ಕಲೆಗೂ ಮೀಸಲಾದ ಒಂದು ಸ್ವತಂತ್ರ ಪ್ರಕಾಶನ ಕನ್ನಡಕ್ಕೆ ಬೇಕೇ ಬೇಕು ಎಂಬ ಮಾತು ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿದೆ. ಅದು ಏಕೆ ಬೇಕು, ಹೇಗಿರಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಆ ಪುಸ್ತಕದ ಕಥೆ. ಮಾರ್ತಾ ಕೂಪರ್ ಎಂಬ ಛಾಯಾಗ್ರಾಹಕಿ 1977ರಿಂದ ‘ನ್ಯೂಯಾರ್ಕ್ ಪೋಸ್ಟ್’ ಪತ್ರಿಕೆಯಲ್ಲಿ ಕೆಲಸಕ್ಕಿದ್ದರು. ಕಚೇರಿಯಿಂದ ಮನೆಗೆ ಹೋಗುವ ದಾರಿಯಲ್ಲಿ, ಮ್ಯಾನ್‌ಹಟನ್‌ನ ಬಡ ಬೀದಿಗಳಲ್ಲಿ ಮಕ್ಕಳು ಮುರಿದ ಸಾಮಾನುಗಳಲ್ಲೇ ಆಟಿಕೆ ಮಾಡಿಕೊಂಡು ಆಡುವುದನ್ನು ಅವರು ತಮ್ಮ ಪಾಡಿಗೆ ಚಿತ್ರ ತೆಗೆಯುತ್ತಿದ್ದರು. ಒಂದು ದಿನ ಹುಡುಗನೊಬ್ಬ ತನ್ನ ನೋಟ್‌ಪುಸ್ತಕ ಬಿಡಿಸಿ, ಗೋಡೆಯ ಮೇಲೆ ತನ್ನ ಹೆಸರನ್ನು ಹೇಗೆ ಬರೆಯಬೇಕೆಂದು ಹಾಕಿಕೊಂಡಿದ್ದ ನಕ್ಷೆಯನ್ನು ತೋರಿಸಿದ. ಅದುವರೆಗೆ ಗೀಚು ಎಂದು ಎಲ್ಲರೂ ತಿಳಿದಿದ್ದ ಬರಹದ ಹಿಂದೆ ಅಭ್ಯಾಸವಿದೆ, ಶೈಲಿಯಿದೆ, ಗುರು-ಶಿಷ್ಯ ಸಂಬಂಧವಿದೆ ಎಂಬುದು ಕೂಪರ್ ಅವರಿಗೆ ತಿಳಿದದ್ದು ಆ ನೋಟ್‌ಪುಸ್ತಕದಿಂದ. ಅದೇ ಹುಡುಗ ಅವರನ್ನು ಡಾಂಡಿ ಎಂಬ ಹೆಸರಿನಲ್ಲಿ ರೈಲುಗಳ ಮೇಲೆ ಬರೆಯುತ್ತಿದ್ದ ಡೊನಾಲ್ಡ್ ವೈಟ್ ಬಳಿಗೆ ಕರೆದೊಯ್ದ.

1980ರಲ್ಲಿ ಡಾಂಡಿಯ ಜೊತೆ ಕೂಪರ್ ಬ್ರೂಕ್ಲಿನ್‌ನ ನ್ಯೂ ಲಾಟ್ಸ್ ರೈಲ್ವೆ ಯಾರ್ಡಿಗೆ ರಾತ್ರಿ ಹೋಗಿ ತೆಗೆದ ಒಂದು ಚಿತ್ರವಿದೆ. ಅಕ್ಕಪಕ್ಕ ನಿಂತ ಎರಡು ರೈಲುಗಳ ನಡುವಿನ ಕಿರಿದಾದ ಸಂದಿಯಲ್ಲಿ ಡಾಂಡಿ ಒಂದು ಕಾಲನ್ನು ಈ ರೈಲಿಗೂ ಇನ್ನೊಂದು ಕಾಲನ್ನು ಆ ರೈಲಿಗೂ ಊರಿ, ನೆಲ ಬಿಟ್ಟು ಮೇಲೆ ನಿಂತು ಬಣ್ಣದ ಡಬ್ಬಿ ಹಿಡಿದಿದ್ದಾನೆ. ಏಣಿಯಿಲ್ಲ, ಅಟ್ಟಣಿಗೆಯಿಲ್ಲ, ದೇಹವೇ ಅಟ್ಟಣಿಗೆ. ಹಿಂದಕ್ಕೆ ಸರಿದು ಇಡೀ ಚಿತ್ರವನ್ನು ಒಮ್ಮೆ ನೋಡಲು ಅಲ್ಲಿ ಜಾಗವೇ ಇಲ್ಲ. ಅಷ್ಟು ದೊಡ್ಡ ಅಕ್ಷರಗಳ ಅಳತೆಯನ್ನು ಆತ ಮನಸ್ಸಿನಲ್ಲೇ ಹಿಡಿದಿಟ್ಟುಕೊಂಡು ಬರೆಯಬೇಕಿತ್ತು. ಆ ರೈಲಿನ ಬಣ್ಣ ಎಂದೋ ಹೋಯಿತು, ಡಾಂಡಿ 1998ರಲ್ಲಿ ತೀರಿಕೊಂಡ. ಆದರೆ ಒಂದು ಚಿತ್ರ ಹೇಗೆ ಹುಟ್ಟಿತು ಎಂಬುದಕ್ಕೆ ಇಷ್ಟು ಹತ್ತಿರದ ಸಾಕ್ಷಿ, ಹೆಸರಾಂತ ಮ್ಯೂಸಿಯಮ್ಮುಗಳಲ್ಲಿರುವ ಎಷ್ಟೋ ವರ್ಣಚಿತ್ರಗಳಿಗೂ ಇಲ್ಲ.

ಈ ಪುಸ್ತಕ ಮಾಡಿದ ಇನ್ನೊಬ್ಬರು ಹೆನ್ರಿ ಚಾಲ್‌ಫಂಟ್. ಅವರು ಮೂಲತಃ ಶಿಲ್ಪಿ. ರೈಲು ನಿಲ್ದಾಣಕ್ಕೆ ಬಂದು ನಿಂತಾಗ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಬೋಗಿಯ ಉದ್ದಕ್ಕೂ ಸರಿಯುತ್ತಾ, ಒಂದರ ಅಂಚು ಇನ್ನೊಂದಕ್ಕೆ ಕೂಡುವಂತೆ ಬೇಗಬೇಗ ಹಲವು ಫೋಟೋಗಳನ್ನು ತೆಗೆದು, ಮನೆಗೆ ಹೋಗಿ ಪ್ರಿಂಟುಗಳನ್ನು ಕತ್ತರಿಸಿ ಜೋಡಿಸಿ ಇಡೀ ಬೋಗಿಯನ್ನು ಒಂದೇ ಪಟ್ಟಿಯಾಗಿ ಅಂಟಿಸುತ್ತಿದ್ದರು. ಕೂಪರ್ ಅವರ ದಾರಿ ಬೇರೆ. ಬ್ರಾಂಕ್ಸ್‌ನ ಪಾಳು ನಿವೇಶನಗಳಲ್ಲಿ ಗಂಟೆಗಟ್ಟಲೆ ಕಾದು, ಸುತ್ತಲಿನ ಊರು, ಕಟ್ಟಡ, ಬೆಳಕುಗಳ ನಡುವೆ ರೈಲು ಹಾದುಹೋಗುವ ಆ ಒಂದು ಕ್ಷಣವನ್ನು ಅವರು ಹಿಡಿಯುತ್ತಿದ್ದರು. ಒಬ್ಬರಿಗೊಬ್ಬರು ಪೈಪೋಟಿ ನಡೆಸಬಹುದಾಗಿದ್ದ ಇಬ್ಬರೂ ತಮ್ಮ ಚಿತ್ರಗಳನ್ನು ಒಟ್ಟುಗೂಡಿಸಿ ಪುಸ್ತಕ ಮಾಡಲು ನಿಶ್ಚಯಿಸಿದರು.

ಪ್ರಕಾಶನದ ವಿಷಯ ನಿಜವಾಗಿ ಶುರುವಾಗುವುದು ಇಲ್ಲಿಂದ. ಆ ರೈಲುಗಳು ಓಡುತ್ತಿದ್ದ ಊರಿನಲ್ಲೇ, ಅಮೆರಿಕದ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಆ ಪುಸ್ತಕವನ್ನು ಬೇಡವೆಂದರು. ಊರಿಗೆ ಊರೇ ಆ ಬರಹವನ್ನು ಪಿಡುಗು ಎಂದುಕೊಂಡಿದ್ದ ಕಾಲದಲ್ಲಿ ಅದನ್ನು ಚೆಂದದ ಕಾಗದದ ಮೇಲೆ ಅಚ್ಚು ಹಾಕುವ ಧೈರ್ಯ ಅಲ್ಲಿ ಯಾರಿಗೂ ಬರಲಿಲ್ಲ. ಕೊನೆಗೆ ಫ್ರಾಂಕ್‌ಫರ್ಟ್ ಪುಸ್ತಕ ಮೇಳಕ್ಕೆ ಹೊತ್ತುಕೊಂಡು ಹೋದಾಗ ಕೈ ಹಿಡಿದದ್ದು ಲಂಡನ್ನಿನ ಥೇಮ್ಸ್ ಅಂಡ್ ಹಡ್ಸನ್. ವಿಯೆನ್ನಾದಿಂದ ತಪ್ಪಿಸಿಕೊಂಡು ಬಂದಿದ್ದ ವಾಲ್ಟರ್ ನ್ಯೂರಾತ್ 1949ರಲ್ಲಿ ಕಟ್ಟಿದ ಸ್ವತಂತ್ರ ಸಂಸ್ಥೆ ಅದು. ‘ಗೋಡೆಗಳಿಲ್ಲದ ವಸ್ತುಸಂಗ್ರಹಾಲಯ’ ಎಂಬುದು ಆ ಸಂಸ್ಥೆ ತನಗೆ ಇಟ್ಟುಕೊಂಡ ಆದರ್ಶ. ಗೋಡೆಯ ಚಿತ್ರಗಳಿಗೆ ಜಾಗ ಕೊಟ್ಟದ್ದು ಆ ಆದರ್ಶಕ್ಕೆ ತಕ್ಕ ಕೆಲಸವೇ ಆಗಿತ್ತು.

ಪುಸ್ತಕ ಬಂದದ್ದು 1984ರಲ್ಲಿ. ನ್ಯೂಯಾರ್ಕಿನ ಸಾರಿಗೆ ಪ್ರಾಧಿಕಾರ, ಬಣ್ಣ ಬಿದ್ದ ಬೋಗಿಗಳನ್ನು ತೊಳೆಯದೆ ಓಡಿಸುವುದಿಲ್ಲವೆಂಬ ಕಾರ್ಯಕ್ರಮವನ್ನು ಶುರು ಮಾಡಿದ್ದೂ ಅದೇ ವರ್ಷ. 1989ರ ಮೇ 12ರಂದು ಕೊನೆಯ ಬೋಗಿಯೂ ಸ್ವಚ್ಛವಾಯಿತೆಂದು ಘೋಷಿಸಲಾಯಿತು. ಪುಸ್ತಕ ಐದು ವರ್ಷ ತಡವಾಗಿದ್ದರೆ ಅದು ತೀರಿಹೋದದ್ದರ ನೆನಪಿನ ಹೊತ್ತಗೆಯಾಗುತ್ತಿತ್ತು. ಸರಿಯಾದ ಹೊತ್ತಿಗೆ ಬಂದದ್ದರಿಂದ ಲಂಡನ್, ಬರ್ಲಿನ್, ಸ್ಟಾಕ್‌ಹೋಮ್‌ನ ಹುಡುಗರಿಗೆ ಅದು ಪಠ್ಯಪುಸ್ತಕವಾಯಿತು. ಮೊದಮೊದಲು ಮಾರಾಟ ನಿಧಾನವಾಗಿತ್ತು, ಲೇಖಕರಿಗೆ ಬಂದ ಹಣವೂ ಅಷ್ಟಕ್ಕಷ್ಟೆ. ಆದರೂ ಕಾಲಕ್ರಮದಲ್ಲಿ ಐದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. ಅಂಗಡಿಗಳಿಂದಲೂ ಗ್ರಂಥಾಲಯಗಳಿಂದಲೂ ಕಳುವಾದ ಪ್ರತಿಗಳಿಗಂತೂ ಲೆಕ್ಕವಿಲ್ಲ. ಗೆಳೆಯರ ಪ್ರತಿಯಲ್ಲಿ ಕಾಣೆಯಾಗಿದ್ದ ಆ ಎರಡು ಹಾಳೆಗಳು ಯಾವ ಊರಿನ ಯಾವ ಹುಡುಗನ ಕೋಣೆಯ ಗೋಡೆಯಲ್ಲಿದ್ದವೋ ಎಂದು ನಾನು ಈಗಲೂ ಯೋಚಿಸುತ್ತೇನೆ.

ಹಾಗೆ ಕಲಿತವರಲ್ಲಿ ಕೆಲವರು ತಾವೇ ಪ್ರಕಾಶಕರಾದರು ಎಂಬುದು ನನಗೆ ಇನ್ನೂ ಮುಖ್ಯವೆನಿಸುತ್ತದೆ. ಸ್ವೀಡನ್ನಿನಲ್ಲಿ 1992ರಲ್ಲಿ ‘ಅಂಡರ್‌ಗ್ರೌಂಡ್ ಪ್ರೊಡಕ್ಷನ್ಸ್’ ಎಂಬ ಗ್ರಾಫಿಟಿ (ಗೋಡೆ, ರೈಲುಗಳ ಮೇಲಿನ ಇಂಥ ಬರಹ) ಪತ್ರಿಕೆ ಹುಟ್ಟಿತು, ಅದನ್ನು ನಡೆಸುತ್ತಿದ್ದ ಬಳಗದಿಂದಲೇ ಮುಂದೆ ‘ಡಾಕ್ಯುಮೆಂಟ್ ಪ್ರೆಸ್’ ಬೆಳೆಯಿತು. ದಾಖಲೆ ಎಂಬ ಅರ್ಥದ ಹೆಸರನ್ನೇ ಇಟ್ಟುಕೊಂಡಿರುವ ಆ ಪ್ರಕಾಶನದ ಪಟ್ಟಿಯ ಬಹುಪಾಲು ಗ್ರಾಫಿಟಿ ಮತ್ತು ಬೀದಿ ಕಲೆಯ ಪುಸ್ತಕಗಳೇ. ಬ್ರಿಟನ್ನಿನ ಬೀದಿ ಕಲಾವಿದ ಬ್ಯಾಂಕ್ಸಿ ಕೂಡ 2001ರಿಂದ 2004ರ ನಡುವೆ ಮೂರು ಪುಟ್ಟ ಪುಸ್ತಕಗಳನ್ನು ತನ್ನ ಖರ್ಚಿನಲ್ಲೇ ಅಚ್ಚು ಹಾಕಿಸಿದ ಮೇಲೆಯೇ 2005ರಲ್ಲಿ ದೊಡ್ಡ ಪ್ರಕಾಶನದ ಮೂಲಕ ಬಂದದ್ದು. ದೊಡ್ಡ ಸಂಸ್ಥೆಗಳು ಬರುವುದು ಮಾರುಕಟ್ಟೆ ಕಂಡ ಮೇಲೆ. ಅದಕ್ಕೂ ಮೊದಲಿನ ಹತ್ತು-ಹದಿನೈದು ವರ್ಷ ಕಾಪಾಡುವವರು ಸಣ್ಣವರೇ.

ಇನ್ನು ನಮ್ಮ ಊರಿಗೆ ಬರೋಣ. 2009ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ಮುಖ್ಯರಸ್ತೆಗಳ ಗೋಡೆಗಳಿಗೆ ಚಿತ್ರ ಬರೆಸಿತು. ಬರೆದವರಲ್ಲಿ ಹೆಚ್ಚಿನವರು ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರಿನ ಕಲಾವಿದರು. ಜೋಗದ ಜಲಪಾತ, ಹಂಪೆಯ ಕಲ್ಲಿನ ರಥ, ಯಕ್ಷಗಾನದ ವೇಷ, ಮೈಸೂರು ಅರಮನೆ, ಹುಲಿ, ಆನೆ ಎಲ್ಲವೂ ಕಾಂಪೌಂಡುಗಳ ಮೇಲೆ ಬಂದವು. ಕಲಾ ವಿಮರ್ಶಕರು ಅನೇಕರು ಅದನ್ನು ಕ್ಯಾಲೆಂಡರ್ ಚಿತ್ರವೆಂದು ತಳ್ಳಿಹಾಕಿದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯ ಹತ್ತಿರದ ಗೋಡೆಗೆ ಬರೆಯುತ್ತಿದ್ದ ಹಿರಿಯರೊಬ್ಬರನ್ನು ನಾನು ನಾಲ್ಕು ದಿನ ಹತ್ತಿರದಿಂದ ನೋಡಿದೆ. ಕೈಯಲ್ಲಿ ಪೋಸ್ಟ್‌ಕಾರ್ಡ್ ಗಾತ್ರದ ಜೋಗದ ಫೋಟೋ. ಅದರ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಚೌಕಗಳು. ಗೋಡೆಯ ಮೇಲೂ ಸುಣ್ಣದ ದಾರ ಬಡಿದು ಅಷ್ಟೇ ಚೌಕಗಳು. ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನಷ್ಟೇ ನೋಡುತ್ತಾ ಅವರು ಬಂಡೆಯನ್ನು ಕಟ್ಟುತ್ತಾ ಹೋದರು. ನೀರನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದರು. ನಾಲ್ಕನೆಯ ದಿನ ಸಂಜೆ ಅಗಲವಾದ ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿ, ಅರ್ಧ ಒರೆಸಿ, ಮೇಲಿನಿಂದ ಕೆಳಕ್ಕೆ ಒಂದೇ ಉಸಿರಿಗೆ ಎಳೆದರು. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಧುಮುಕಿದವು.

“ಯಜಮಾನ್ರೇ, ಕೆಳಗೆ ನಿಮ್ಮ ಹೆಸರು ಬರೀರಿ” ಎಂದೆ.

“ಬೇಡ ಸಾರ್, ಹೆಸರು ಹಾಕೋ ಹಾಗಿಲ್ಲ ಅಂದವ್ರೆ. ಇದೇ ಕೈಯಲ್ಲಿ ಗಾಂಧಿನಗರದಲ್ಲಿ ಅಣ್ಣಾವ್ರ ಕಟೌಟ್ ಬರ್ದಿದೀನಿ, ಅಲ್ಲೂ ಕಂಪ್ನಿ ಹೆಸರೇ ಇರ್ತಿತ್ತು ಬಿಡಿ” ಎಂದು ಬ್ರಷ್ ತೊಳೆಯಲು ಹೋದರು.

ನಾನು ಅವರ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಆ ಗೋಡೆಗೆ ಮೂರು ವರ್ಷದ ನಂತರ ಸುಣ್ಣ ಬಿತ್ತು, ಆಮೇಲೆ ಗೋಡೆಯೇ ಹೋಯಿತು. ನನ್ನ ಬಳಿ ಉಳಿದಿರುವುದು ಹಳೆಯ ಫೋನಿನಲ್ಲಿ ತೆಗೆದ ಒಂದು ಮಸುಕಾದ ಚಿತ್ರ. ಅದರಲ್ಲಿ ರೋರರ್ ಅರ್ಧ ಕಾಣುತ್ತದೆ, ಅವರ ಬೆನ್ನು ಕಾಣುತ್ತದೆ, ಮುಖವಿಲ್ಲ. ಹದಿನಾರು-ಹದಿನೇಳು ವರ್ಷಗಳಿಂದ ಈ ಕೊರಗು ನನ್ನನ್ನು ಬಿಟ್ಟಿಲ್ಲ, ಈ ಬರಹದ ಮೂಲವೂ ಅದೇ.

ಬೀದಿ ಕಲೆಯಲ್ಲಿ ಅಳಿಯುವುದು ಹಲವು ಬಗೆ. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಅವರು ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯನ್ನು ಇಟ್ಟದ್ದು ಎಲ್ಲರಿಗೂ ನೆನಪಿರಬಹುದು. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಓದಿದ ಆ ಕಲಾವಿದರ ಕೃತಿಯ ಗುರಿಯೇ ಆ ಗುಂಡಿ ಮುಚ್ಚಬೇಕೆಂಬುದು. ಗುಂಡಿ ಮುಚ್ಚಿದರೆ ಕೃತಿ ಗೆದ್ದಿತು, ಗೆದ್ದ ಗಳಿಗೆಯಲ್ಲೇ ಅದಕ್ಕೆ ಜಾಗವೂ ಇಲ್ಲವಾಯಿತು. 2019ರಲ್ಲಿ ಗಗನಯಾತ್ರಿಯ ವೇಷದವರೊಬ್ಬರನ್ನು ಹೊಂಡ ಬಿದ್ದ ರಸ್ತೆಯಲ್ಲಿ ಚಂದ್ರನ ಮೇಲೆಂಬಂತೆ ನಡೆಸಿ ಅವರು ಮಾಡಿದ ವಿಡಿಯೊ ದೇಶವೆಲ್ಲ ಓಡಾಡಿತು. ಆದರೆ ಫೋನಿನಿಂದ ಫೋನಿಗೆ ಓಡಾಡುವುದು ದಾಖಲಾದಂತೆ ಅಲ್ಲ. ಯಾವ ರಸ್ತೆ, ಯಾವ ದಿನ, ಏನು ಬಳಸಿದರು, ಅಕ್ಕಪಕ್ಕದ ಅಂಗಡಿಯವರು ಏನೆಂದರು, ಎಷ್ಟು ದಿನ ಉಳಿಯಿತು ಎಂಬುದೆಲ್ಲ ಒಂದೆಡೆ ಅಚ್ಚಾಗಿ ಕುಳಿತಾಗಲೇ ಮುಂದಿನವರಿಗೆ ಅದು ಪಾಠವಾಗುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ಅರವಾಣಿ ಆರ್ಟ್ ಪ್ರಾಜೆಕ್ಟ್ 2016ರಿಂದ ಲಿಂಗತ್ವ ಅಲ್ಪಸಂಖ್ಯಾತರೊಂದಿಗೆ ಸೇರಿ ಊರೂರುಗಳಲ್ಲಿ ಗೋಡೆಗಳಿಗೆ ಬಣ್ಣ ಹಚ್ಚುತ್ತಿದೆ. ದಾರಿಯಲ್ಲಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಜನ ಅವರು ಬರೆದ ಗೋಡೆಯ ಮುಂದೆ ನಿಂತು ನೋಡುತ್ತಾರೆ. ಇಂಥದ್ದರ ಬಗ್ಗೆ ಕನ್ನಡದಲ್ಲಿ ಪತ್ರಿಕಾ ವರದಿಗಳು ಬಂದಿವೆ, ಕೈಯಲ್ಲಿ ಹಿಡಿದು ನೋಡುವಂಥ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಬೆಂಗಳೂರಿನಲ್ಲಿ ಇಂಥ ಪ್ರಯತ್ನವೇ ಇಲ್ಲವೆಂದಲ್ಲ. ‘ರಿಲಯಬಲ್ ಕಾಪಿ’ ಎಂಬ ಸ್ವತಂತ್ರ ಪ್ರಕಾಶನ ಕಲಾವಿದರ ಕೃತಿ ಮತ್ತು ಬರಹಗಳಿಗೆಂದೇ ಮೀಸಲಾಗಿ ಕೆಲಸ ಮಾಡುತ್ತಿದೆ, ಶಾಂತಿನಗರದ ‘ಒನ್ ಶಾಂತಿರೋಡ್’ ಕಲಾಕೇಂದ್ರದ ಅಡುಗೆಮನೆಯ ಸುತ್ತ ಹುಟ್ಟಿದ ಪುಸ್ತಕವನ್ನು ಪ್ರಕಟಿಸಿದ್ದೂ ಅವರೇ. ಅದನ್ನು ನಾನು ಗೌರವದಿಂದ ನೋಡುತ್ತೇನೆ. ಆದರೆ ಅದರ ಭಾಷೆ ಮುಖ್ಯವಾಗಿ ಇಂಗ್ಲಿಷ್. ಜೋಗವನ್ನು ಬರೆದ ಆ ಯಜಮಾನರು ತಮ್ಮ ಮೊಮ್ಮಗನ ಕೈಗೆ ಕೊಟ್ಟು “ಓದೋ” ಎನ್ನುವಂಥ ಪುಸ್ತಕ ಕನ್ನಡದಲ್ಲೇ ಆಗಬೇಕು.

ಖರ್ಚಿನ ಮಾತು ಬಂದೇ ಬರುತ್ತದೆ. ಕಲಾಪುಸ್ತಕವೆಂದರೆ ನಾಲ್ಕು ಬಣ್ಣದ ಮುದ್ರಣ, ದಪ್ಪನೆಯ ಆರ್ಟ್ ಪೇಪರ್, ಬಿಡಿಸಿದರೆ ಪೂರ್ತಿ ತೆರೆದುಕೊಳ್ಳುವ ಹೊಲಿಗೆಯ ಬೈಂಡಿಂಗ್. ಕಥೆ-ಕಾದಂಬರಿಯ ಲೆಕ್ಕಾಚಾರ ಇದಕ್ಕೆ ಹೊಂದುವುದಿಲ್ಲ. ಗ್ರಂಥಾಲಯ ಖರೀದಿಯನ್ನೇ ನಂಬಿಕೊಂಡರೆ, ಪುಟಗಳನ್ನು ಎಣಿಸಿ ಬೆಲೆ ಕಟ್ಟುವ ಆ ಪದ್ಧತಿಯಲ್ಲಿ ಇಂಥ ಪುಸ್ತಕಕ್ಕೆ ಅಚ್ಚಿನ ಖರ್ಚೂ ಹುಟ್ಟುವುದು ಕಷ್ಟ. ಆದರೆ ಕನ್ನಡ ಪ್ರಕಾಶನಕ್ಕೆ ಚಂದಾದಾರರ ದಾರಿ ಹೊಸದೇನಲ್ಲ. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿದ್ದು ಓದುಗರು ಮುಂಚಿತವಾಗಿ ಕೊಟ್ಟ ಚಂದಾದ ಬಲದ ಮೇಲೆ. ವರ್ಷಕ್ಕೆ ಒಂದೇ ಪುಸ್ತಕ, ಐನೂರು ಜನ ಚಂದಾದಾರರು, ಮೊದಲೇ ಕಟ್ಟಿದ ಹಣ ಎಂಬಷ್ಟರಿಂದ ಶುರು ಮಾಡಬಹುದು. ಒಂದು ಮದುವೆಯ ಆಹ್ವಾನ ಪತ್ರಿಕೆಗೆ ನಾವು ಸುರಿಯುವ ಹಣವನ್ನು ನೆನೆದರೆ ಇದು ಅಸಾಧ್ಯದ ಮೊತ್ತವಲ್ಲ.

ಒಂದು ವಿಷಯದಲ್ಲಿ ಮಾತ್ರ ಆ ಪ್ರಕಾಶನ ಹಟ ಹಿಡಿಯಬೇಕು. ಗೋಡೆ ಸಾರ್ವಜನಿಕವಾದ ಮಾತ್ರಕ್ಕೆ ಅದರ ಮೇಲಿನ ಚಿತ್ರ ಎಲ್ಲರ ಸ್ವತ್ತಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತ ಶಿಲ್ಪದ ಫೋಟೋ ಪ್ರಕಟಿಸಲು ವಿನಾಯಿತಿ ಕೊಡುತ್ತದೆ, ಗೋಡೆಯ ಮೇಲಿನ ವರ್ಣಚಿತ್ರಕ್ಕೆ ಆ ವಿನಾಯಿತಿಯನ್ನು ಹೇಳುವುದಿಲ್ಲ. ಅದೇ ಕಾಯ್ದೆಯ 57ನೆಯ ಕಲಂ, ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಕರ್ತೃವಿಗೆ ಉಳಿಸುತ್ತದೆ. ಆದ್ದರಿಂದ ಬರೆದವರನ್ನು ಹುಡುಕಿ, ಒಪ್ಪಿಗೆ ಪಡೆದು, ಗೌರವಧನ ಕೊಟ್ಟು, ಚಿತ್ರದ ಕೆಳಗೆ ಅವರ ಹೆಸರನ್ನು ಅಚ್ಚು ಹಾಕುವುದು ಉಪಕಾರವಲ್ಲ, ಅದು ಸಲ್ಲಬೇಕಾದ ಬಾಕಿ. ಫೋಟೋ ತೆಗೆದವರ ಹೆಸರು ಎಷ್ಟು ದೊಡ್ಡದಾಗಿ ಇರುತ್ತದೆಯೋ ಬರೆದವರದೂ ಅಷ್ಟೇ ದೊಡ್ಡದಾಗಿ ಇರಬೇಕು.

ಮೊದಲ ಪುಸ್ತಕ 2009ರ ಆ ಗೋಡೆಗಳದ್ದೇ ಆಗಲಿ ಎಂಬುದು ನನ್ನ ಆಸೆ. ಬರೆದ ಕೈಗಳಿಗೆ ವಯಸ್ಸಾಗುತ್ತಿದೆ. ಈ ಬರಹ ಓದುವ ನಿಮ್ಮಲ್ಲಿ ಅನೇಕರು ಆ ಗೋಡೆಗಳ ಮುಂದೆ ಬಸ್ಸಿಗೆ ಕಾಯುತ್ತಲೋ ಮಕ್ಕಳನ್ನು ಶಾಲೆಗೆ ಬಿಡುತ್ತಲೋ ಫೋಟೋ ತೆಗೆಸಿಕೊಂಡಿರುತ್ತೀರಿ. ಹಳೆಯ ಆಲ್ಬಮ್ಮಿನಲ್ಲೋ ಕೆಟ್ಟುಹೋದ ಫೋನಿನ ಕಾರ್ಡಿನಲ್ಲೋ ಅವು ಇರಬಹುದು, ದಯವಿಟ್ಟು ಹುಡುಕಿ. ಸಿಕ್ಕರೆ ರಸ್ತೆಯ ಹೆಸರು, ನೆನಪಿದ್ದಷ್ಟು ತಿಂಗಳು-ಇಸವಿ ಬರೆದಿಟ್ಟು ನನಗೆ ಕಳುಹಿಸಿ. ನಿಮ್ಮ ಬೀದಿಯಲ್ಲಿ ಬೋರ್ಡು, ಬ್ಯಾನರು ಬರೆಯುತ್ತಿದ್ದ ಹಿರಿಯರು ಇದ್ದರೆ ಈ ಭಾನುವಾರ ಅವರ ಮನೆಗೆ ಹೋಗಿ, ಯಾವ ಯಾವ ಗೋಡೆ ಬರೆದಿರಿ ಎಂದು ಕೇಳಿ. ಅವರ ಹೆಸರನ್ನು, ನಾನು ಮಾಡದೆ ಬಿಟ್ಟ ಹಾಗೆ ಬಿಡದೆ, ಅವರ ಕೈಯಲ್ಲೇ ಒಂದು ಹಾಳೆಯ ಮೇಲೆ ಬರೆಸಿಕೊಂಡು ಬನ್ನಿ.