ನಲ್ಲಿಗೆ ಆಸಿಡ್ ಅಭಿಷೇಕ

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಕೀಲಿಕೈ ಕೊಡುವ ಮುನ್ನ ಒಂದು ಸಂಸ್ಕಾರ ನಡೆಯುತ್ತದೆ. ಹೆಸರು ಡೀಪ್ ಕ್ಲೀನಿಂಗ್. ಟೈಲ್ಸ್ ಮೇಲಿನ ಸಿಮೆಂಟು, ಪೇಂಟಿನ ಹನಿ, ಮೇಸ್ತ್ರಿಯ ಕೈಗುರುತು, ಎಲ್ಲಕ್ಕೂ ಒಂದೇ ಮದ್ದು: ಬಕೆಟ್ಟಿನಲ್ಲಿ ಆಸಿಡ್, ಕೈಯಲ್ಲಿ ಪೊರಕೆ. ಬ್ರೋಷರಿನ ಅರ್ಧ ಪುಟ ನುಂಗಿದ ಕ್ರೋಮ್ ನಲ್ಲಿಗೂ ಅದೇ ಅಭಿಷೇಕ. ಹಾಲು ಉಕ್ಕಿಸಲು ಮಾಲೀಕರು ಬರುವ ಹೊತ್ತಿಗೆ ನಲ್ಲಿಗೆ ಹತ್ತು ವರ್ಷ ವಯಸ್ಸಾಗಿರುತ್ತದೆ.

ಆ ಹೊಳಪು ಎಷ್ಟು ದಪ್ಪ ಗೊತ್ತೇ? ಮೇಲಿನ ಕ್ರೋಮ್ ಪೊರೆ ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಕೂಡ ಇರುವುದಿಲ್ಲ (ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್). ಕೆಳಗೆ ಹತ್ತು ಮೈಕ್ರಾನಿನ ಆಸುಪಾಸು ನಿಕಲ್, ಅದರಡಿ ಹಿತ್ತಾಳೆ. (ಬಿಲ್ಡರ್ ಕೈ ಬಿಗಿ ಹಿಡಿದಿದ್ದರೆ ಹಿತ್ತಾಳೆಯ ಜಾಗದಲ್ಲಿ ಸತುವಿನ ಮಿಶ್ರಲೋಹ, ಹ್ಯಾಂಡ್ ಶವರಿನಲ್ಲಂತೂ ಬಹುಮಟ್ಟಿಗೆ ಪ್ಲಾಸ್ಟಿಕ್.) ಬಕೆಟ್ಟಿನಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಕ್ರೋಮನ್ನು ಕರಗಿಸುತ್ತದೆ. ಹಳೆಯ ಕ್ರೋಮ್ ಕಿತ್ತುಹಾಕಲು ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶಾಪಿನವರು ಬಳಸುವುದೂ ಅದನ್ನೇ. ಪೀಣ್ಯದ ಕಾರ್ಖಾನೆಯಲ್ಲಿ ದುಡ್ಡು ತೆತ್ತು ಮಾಡಿಸಬೇಕಾದ ಕೆಲಸ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಫ್ರೀ.

ನಲ್ಲಿಗೆ ಆಸಿಡ್ ತಾಗಲೇಬೇಕೆಂದೂ ಇಲ್ಲ. ಬಾಗಿಲು ಮುಚ್ಚಿದ ಬಾತ್‌ರೂಮಿನಲ್ಲಿ ನೆಲಕ್ಕೆ ಸುರಿದರೂ ಸಾಕು, ಹೊಗೆ ಏರಿ ಒದ್ದೆ ನಲ್ಲಿಯ ಮೇಲೆ ಕೂರುತ್ತದೆ. ಬೆಳಗಾಗುವಷ್ಟರಲ್ಲಿ ಕಪ್ಪು ಚುಕ್ಕೆ, ಬುಡದಲ್ಲಿ ಹಳದಿ ಛಾಯೆ. ಹಳದಿ ಕಂಡರೆ ಅದು ಕೊಳೆಯಲ್ಲ, ನಿಕಲ್ ಹೊರಗೆ ಇಣುಕುತ್ತಿದೆ. ಯಾವ ಪಾಲಿಶೂ ಅದನ್ನು ಮುಚ್ಚಲಾರದು. ದೂರು ಕೊಟ್ಟರೆ ಉತ್ತರ ಸಿದ್ಧ: ‘ಆಸಿಡ್ ತಾಗಿದ್ದಕ್ಕೆ ವಾರಂಟಿ ಬರಲ್ಲ ಸಾರ್.’ ತಾಗಿಸಿದವರು ಯಾರು ಅಂತ ಕೇಳಬಾರದು.

ಇಷ್ಟಾದ ಮೇಲೆ ನೀರಿನ ಸರದಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅನ್ನುವ ಗಾದೆ ಇಲ್ಲಿ ತಿರುಗುಮುರುಗು. ನೀರೇ ಟ್ಯಾಂಕರ್ ಹತ್ತಿ, ಹಾರ್ನ್ ಹೊಡೆದುಕೊಂಡು ಊರಿಗೆ ಬರುತ್ತದೆ. ಕಾವೇರಿ ನೀರು ಯೋಜನೆಯ 5ನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಪೈಪ್ ತಲುಪದ ಮನೆಗೆ ಇನ್ನೂ ಬೋರ್‌ವೆಲ್ಲಿನ ಗಡಸು ನೀರೇ ಗತಿ. ಹನಿ ಒಣಗಿದಲ್ಲೆಲ್ಲ ಸುಣ್ಣದ ಬಿಳಿ ಕಲೆ. ಆ ಕಲೆಯ ಮೇಲೆ ನಾಗರಿಕರ ದಂಡಯಾತ್ರೆ ಶುರು: ಮೊದಲು ಹಸಿರು ಸ್ಕ್ರಬ್ಬರ್, ಅದರಲ್ಲಿರುವ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಕ್ರೋಮನ್ನೂ ಗೀರುವಷ್ಟು ಗಟ್ಟಿ. ಆಮೇಲೆ ಟಾಯ್ಲೆಟ್ ಕ್ಲೀನರ್, ಅಂದರೆ ಅದೇ ಆಸಿಡ್ ಸಣ್ಣ ಬಾಟಲಿಯಲ್ಲಿ. ಹಟ ಬಿಡದವರು ಮೇಲೆ ಬ್ಲೀಚ್ ಸುರಿದು ಕ್ಲೋರಿನ್ ಅನಿಲ ತಯಾರಿಸುತ್ತಾರೆ. ಅಲ್ಲಿಗೆ ನಲ್ಲಿಯ ಚಿಂತೆ ಬಿಟ್ಟು ಓಡಬೇಕು.

ಮಾಡಬೇಕಾದ್ದು ಎಷ್ಟು ಸಪ್ಪೆಯೆಂದರೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಹಳೆ ಬನಿಯನ್ ತುಂಡನ್ನು ಅದ್ದಿ ಕಲೆಯ ಮೇಲೆ ಸುತ್ತಿಡಿ. ಐದು ನಿಮಿಷ, ಹೆಚ್ಚೆಂದರೆ ಹತ್ತು. ರಾತ್ರಿಯಿಡೀ ಬಿಡಿ ಅನ್ನುವ ವಾಟ್ಸಾಪ್ ಸಲಹೆ ಕೇಳಿದರೆ ಸುಣ್ಣದ ಜತೆ ಹೊಳಪೂ ಮಂಕು. ಕಲೆ ಪೂರಾ ಹೋಗದಿದ್ದರೆ ಉಜ್ಜದೆ ಇನ್ನೊಮ್ಮೆ ಸುತ್ತಿ. ಚೆನ್ನಾಗಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ದಿನಾ ಒರೆಸುವ ಮನೆಯಲ್ಲಿ ವಿನೆಗರಿನ ಅಗತ್ಯವೇ ಅಪರೂಪ. ಪೂಜಾ ಸಾಮಾನಿನ ಹಿತ್ತಾಳೆ ಪಾಲಿಶನ್ನು ಇತ್ತ ತರಬೇಡಿ, ಅದರಲ್ಲೂ ಉಜ್ಜುಪುಡಿ ಇದೆ. ಹೊಳಪೇ ಬೇಕೆಂದರೆ ಉಜ್ಜುಪುಡಿ ಇಲ್ಲದ ಕಾರ್ ವ್ಯಾಕ್ಸ್ ತೆಳ್ಳಗೆ ಸವರಿ.

2024ರ ಬರದಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟುಗಳಿಗೆ ನಲ್ಲಿಯ ಬಾಯಿಗೆ ಹಾಕಿ ನೀರು ಉಳಿಸುವ ಏರೇಟರ್ ಕಡ್ಡಾಯ ಮಾಡಿತಲ್ಲ, ಅದರ ಜಾಲರಿಯಲ್ಲೂ ಸುಣ್ಣವೇ. ಬಿಚ್ಚಿ ಅದೇ ವಿನೆಗರ್ ನೀರಿನಲ್ಲಿ ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ಉಜ್ಜಿದರೆ ಸರಿಹೋಗುತ್ತದೆ. ಬಿಚ್ಚುವಾಗ ಬಟ್ಟೆ ಸುತ್ತಿ, ಹಲ್ಲಿಲ್ಲದ ಸ್ಪ್ಯಾನರ್ ಹಿಡಿಯಬೇಕು. ಪ್ಲಂಬರ್ ತರುವುದು ಪೈಪ್ ರೆಂಚ್. ಕ್ರೋಮಿನ ಮೇಲೆ ಅದರ ಹಲ್ಲಿನ ಸಾಲು ಶಾಶ್ವತ ಶಾಸನ.

ಕೊನೆಗೆ ಅಸೋಸಿಯೇಷನ್ ಸಭೆ ಸೇರಿ ನಲ್ಲಿಗಳನ್ನೇ ಬದಲಿಸಲು ಠರಾವು ಮಾಡುತ್ತದೆ. ಗೋಡೆ ಒಡೆದು ಹೊಸದನ್ನು ಕೂರಿಸಿದ ಮೇಲೆ ಟೈಲ್ಸಿಗೆ ಸಿಮೆಂಟು ಮೆತ್ತಿರುತ್ತದಲ್ಲ, ಅದನ್ನು ತೊಳೆಯಲು ಡೀಪ್ ಕ್ಲೀನಿಂಗಿನವರಿಗೆ ಫೋನ್ ಹೋಗುತ್ತದೆ.